ಕೀಲಿನ ಸವಕಳಿ

(ನಮ್ಮ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಬಿ.ಕಾಂ. ಮುಗಿಸಿ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡುವವರು. ಕೀಲುನೋವಿನ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, "ಡಾಕ್ಟರರನ್ನು ಕರೆಯಿರಿ" ಎಂದೆವು. "ಡಾಕ್ಟರರು ರೋಗವನ್ನು ಬಲ್ಲರು, ರೋಗಿಯ ಮನೆಯಲ್ಲಿ ನಡೆಯುವುದನ್ನು ನೀವು ಬಲ್ಲಿರಿ" ಎಂದು ಅವರು ಬಿಡಲಿಲ್ಲ. ಆದ್ದರಿಂದ ಮನೆಯ ಸಂಗತಿಯಿಂದಲೇ ಆರಂಭಿಸುತ್ತೇವೆ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಅವ್ವ ಗದಗಿನ ಹತ್ತಿರದ ಊರು ಬಿಟ್ಟು ನಮ್ಮಲ್ಲಿಗೆ ಬಂದಳು. ನಮ್ಮ ಮನೆ ಮೂರನೆಯ ಮಾಳಿಗೆಯಲ್ಲಿ, ಲಿಫ್ಟು ಇಲ್ಲ. ಮೊದಲ ವರ್ಷ ದಿನಾಲು ಕೆಳಗಿಳಿದು ಕಾಯಿಪಲ್ಲೆ ತರುತ್ತಿದ್ದಳು. ಎರಡನೆಯ ವರ್ಷ ವಾರಕ್ಕೊಮ್ಮೆ ಇಳಿದಳು. ಮೂರನೆಯ ವರ್ಷ ಈ ಸಂಘಕ್ಕೆ ಬರುವುದನ್ನೂ ಬಿಟ್ಟಳು. "ನಿಮ್ಮ ತಾಯಿಯವರಿಗೆ ನಮ್ಮ ಮೇಲೆ ಸಿಟ್ಟೇ?" ಎಂದು ತಮ್ಮಲ್ಲೇ ಕೆಲವರು ಕೇಳಿದ್ದುಂಟು. ಸಿಟ್ಟಲ್ಲ, ಮೆಟ್ಟಿಲು.

"ವಯಸ್ಸಾದ ಮ್ಯಾಲ ಮೊಣಕಾಲು ನೋಯದ ಇರ್ತಾವೇನಪಾ?" ಎಂಬುದು ಅವಳ ಮಾತು. ಆ ಮಾತು ನಮಗೂ ಅನುಕೂಲವೇ ಆಗಿತ್ತು. ತಿಂಗಳು ತಿಂಗಳು ಸಂಬಳದ ದಿನ ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟು, ಮಗನ ಕರ್ತವ್ಯ ಮುಗಿಯಿತೆಂದು ಸಮಾಧಾನಪಟ್ಟೆವು. ಕಡೆಗೊಂದು ದಿನ ಆಸ್ಪತ್ರೆಗೆ ಒಯ್ದಾಗ ವೈದ್ಯರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಮೊಣಕಾಲುಗಳಲ್ಲಿ ಎಲುಬಿಗೆ ಎಲುಬು ತಾಗಿತ್ತು. ರಕ್ತ ಪರೀಕ್ಷಿಸಿದರೆ, ವರ್ಷಗಟ್ಟಲೆ ನುಂಗಿದ ಗುಳಿಗೆಗಳಿಂದ ಮೂತ್ರಪಿಂಡಗಳೂ ಬಳಲಿದ್ದವು. "ಐದು ವರ್ಷ ಮೊದಲು ಏಕೆ ಕರೆತರಲಿಲ್ಲ?" ಎಂದು ವೈದ್ಯರು ಮೆಲ್ಲಗೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯೇ ಇಂದಿನ ಭಾಷಣದ ವಿಷಯ. ಐದು ವರ್ಷ ಮೊದಲು ಹೋಗಿದ್ದರೆ ಏನಾಗುತ್ತಿತ್ತು?

ಎಲುಬುಗಳು ಕೂಡುವಲ್ಲಿ ಅವುಗಳ ತುದಿಗೆ ನುಣುಪಾದ ಒಂದು ಹೊದಿಕೆಯಿದೆ. ಅದಕ್ಕೆ ಮೃದ್ವಸ್ಥಿ ಎನ್ನುತ್ತಾರೆ. ಮೊಣಕಾಲಿನ ಬಹುಭಾಗದಲ್ಲಿ ಅದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರು. ಅದರೊಳಗೆ ರಕ್ತನಾಳಗಳಿಲ್ಲ, ಆದ್ದರಿಂದ ಚರ್ಮದ ಗಾಯದಂತೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ. ನರಗಳೂ ಇಲ್ಲ, ಆದ್ದರಿಂದ ಸವೆಯತೊಡಗಿದಾಗ ತಾನು ನೋಯುವುದೂ ಇಲ್ಲ. ನೋವು ಕಾಣಿಸುವ ಹೊತ್ತಿಗೆ ಎಷ್ಟೋ ಸವೆದಿರುತ್ತದೆ. ಹಾಳಾದ ಮೃದ್ವಸ್ಥಿ ಮರಳಿ ಬರದೆಂಬುದನ್ನು ಲಂಡನ್ನಿನ ವಿಲಿಯಂ ಹಂಟರನು 1743ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ.

ವಾಣಿಜ್ಯಶಾಸ್ತ್ರದಲ್ಲಿ ನಾವು ಸವಕಳಿಯ ಲೆಕ್ಕ ಕಲಿತೆವು. ಯಂತ್ರ ಕೊಂಡ ದಿನದಿಂದಲೇ ಅದರ ಸವಕಳಿಯನ್ನು ವರ್ಷ ವರ್ಷ ಬರೆಯಬೇಕು. ಮುರಿದು ಬಿದ್ದ ಮೇಲೆ ಬರೆಯುವುದಲ್ಲ. ಆಫೀಸಿನ ಮೇಜು ಕುರ್ಚಿಗಳಿಗೆ ನಾವು ತಪ್ಪದೆ ಇಡುವ ಲೆಕ್ಕವನ್ನು ಹೆತ್ತವಳ ಮೊಣಕಾಲಿಗೆ ಇಡಲಿಲ್ಲ.

ಇನ್ನು ಉಳಿಸಿಕೊಳ್ಳುವ ಉಪಾಯಗಳು. ಮೊದಲನೆಯದು ಅತಿ ಅಗ್ಗದ್ದು. ಮೃದ್ವಸ್ಥಿಯು ಸ್ಪಂಜಿನ ಹಾಗೆ: ನಡೆಯುವಾಗ ಒತ್ತಿ ಬಿಟ್ಟಂತೆಲ್ಲ ಕೀಲಿನೊಳಗಿನ ದ್ರವವನ್ನು ಹೀರಿ ಪೋಷಣೆ ಪಡೆಯುತ್ತದೆ. ನೋವೆಂದು ಕದಲದೆ ಕುಳಿತರೆ ತೊಡೆಯ ಸ್ನಾಯುಗಳು ಸೊರಗಿ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವ ವ್ಯಾಯಾಮಕ್ಕೆ ಒಂದು ಪೈಯ ಖರ್ಚಿಲ್ಲ. ಮೈಭಾರ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ, ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಒಂದು ಅಧ್ಯಯನ ತೋರಿಸಿದೆ. ಒಂದಕ್ಕೆ ನಾಲ್ಕು! ಇಂಥ ಬಡ್ಡಿ ನಮ್ಮ ಬ್ಯಾಂಕಿನಲ್ಲಿ ಸಿಕ್ಕದು.

ಎರಡನೆಯದು ಔಷಧ. ಇಲ್ಲಿ ರೋಗವನ್ನು ಗುರುತಿಸುವುದು ಮುಖ್ಯ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗೆಣ್ಣುಗಳು ಬಾತು, ಗಂಟೆ ಹೊತ್ತು ಬಿಗಿದಿದ್ದರೆ ಅದು ಬರಿಯ ಸವಕಳಿಯಲ್ಲ. ದೇಹದ ರಕ್ಷಣಾಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಸಂಧಿವಾತವಿರಬಹುದು. ಅದು ತರುಣಿಯರಿಗೂ ಬರುತ್ತದೆ. ಮೊದಲ ತಿಂಗಳುಗಳಲ್ಲೇ ಮಿಥೊಟ್ರೆಕ್ಸೇಟಿನಂಥ ಔಷಧ ಆರಂಭಿಸಿದರೆ ಎಷ್ಟೋ ಜನರ ಕೀಲುಗಳು ಉಳಿಯುತ್ತವೆ. ಆದರೆ ಎಚ್ಚರ: ಸಂಧಿವಾತಕ್ಕೆ ಆ ಗುಳಿಗೆಯನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳತಕ್ಕದ್ದು. ದಿನಾಲು ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತಪರೀಕ್ಷೆಯನ್ನೂ ತಪ್ಪಿಸಬಾರದು. ಮೊಣಕಾಲಿಗೆ ಮೇಲಿಂದ ಮೇಲೆ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರಿಗೂ ಒಂದು ಮಾತು: ಎರಡು ವರ್ಷ ಹಾಗೆ ಚುಚ್ಚಿದವರಲ್ಲಿ ಮೃದ್ವಸ್ಥಿ ಹೆಚ್ಚು ಕರಗಿತೆಂದು 2017ರಲ್ಲಿ ಪ್ರಕಟವಾಯಿತು.

ಮೂರನೆಯದು ಶಸ್ತ್ರಕ್ರಿಯೆ. ಮೊಣಕಾಲಿನ ಒಳಗೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಅವು ಹರಿದರೆ ಹಿಂದೆ ಪೂರ್ತಿ ಕಿತ್ತು ಹಾಕುತ್ತಿದ್ದರು. ಹಾಗೆ ತೆಗೆದ ಮೊಣಕಾಲುಗಳಲ್ಲಿ ಆಗುವ ಬದಲಾವಣೆಗಳನ್ನು ಇಂಗ್ಲೆಂಡಿನ ಫೇರ್‌ಬ್ಯಾಂಕ್ 1948ರಲ್ಲಿ ತೋರಿಸಿದನು. ಈಗ ಸಾಧ್ಯವಾದಲ್ಲೆಲ್ಲ ಹೊಲಿದು ಉಳಿಸುತ್ತಾರೆ. ಪೆಟ್ಟಿನಿಂದ ಮೃದ್ವಸ್ಥಿಯಲ್ಲಿ ಚಿಕ್ಕ ಹಳ್ಳ ಬಿದ್ದ ತರುಣರಿಗೆ, ಅವರದೇ ಜೀವಕೋಶಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ತುಂಬುವ ವಿಧಾನವನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರು. ಇದು ಚಿಕ್ಕ ಹಳ್ಳಕ್ಕೆ ಸರಿ, ಮುಪ್ಪಿನ ಸವಕಳಿಗಲ್ಲ. ಎಲ್ಲ ಶಸ್ತ್ರಕ್ರಿಯೆಯೂ ಫಲಕೊಡುವುದೆಂದು ತಿಳಿಯಬಾರದು. ಸವೆದ ಮೊಣಕಾಲನ್ನು ದುರ್ಬೀನು ಹಾಕಿ ತೊಳೆಯುವ ಶಸ್ತ್ರಕ್ರಿಯೆಯನ್ನು ಅಮೆರಿಕದಲ್ಲಿ 180 ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದಿದ್ದರು. ಎರಡು ವರ್ಷ ನೋಡಿದರೂ ಅವರಿಗೂ ಇವರಿಗೂ ಭೇದ ಕಾಣಲಿಲ್ಲವೆಂದು 2002ರಲ್ಲಿ ವರದಿಯಾಯಿತು.

ನಮ್ಮ ಮನೆಗೆ ಉಪಕಾರವಾದ ಶಸ್ತ್ರಕ್ರಿಯೆ ಬೇರೆ. ಹುಬ್ಬಳ್ಳಿಯಲ್ಲಿರುವ ನಮ್ಮ ಅಣ್ಣನಿಗೆ ನಲವತ್ತಾರು ವರ್ಷ. ಅವನ ಕಾಲುಗಳೂ ಅವ್ವನಂತೆ ಹೊರಗೆ ಬಾಗಿದವು. ನೋವು ಎಡ ಮೊಣಕಾಲಿನ ಒಳಬದಿಗೆ ಮಾತ್ರ. ಅವ್ವನ ಚಿತ್ರ ನೋಡಿದ ವಾರವೇ ಅವನನ್ನು ತೋರಿಸಿದೆವು. ಅವನಿಗೆ ಒಳಬದಿ ಸವೆದಿದ್ದರೂ ಹೊರಬದಿ ಚೆನ್ನಾಗಿತ್ತು. ಮೊಣಕಾಲಿನ ಕೆಳಗೆ ಎಲುಬನ್ನು ಕೊಯ್ದು, ಸ್ವಲ್ಪ ತೆರೆದು, ಪಟ್ಟಿ ಕೂಡಿಸಿ ಕಾಲನ್ನು ನೇರ ಮಾಡಿದರು. ಇದರಿಂದ ಭಾರವು ಸವೆದ ಬದಿಯಿಂದ ಒಳ್ಳೆಯ ಬದಿಗೆ ಸರಿಯುತ್ತದೆ. ಜಾಕ್ಸನ್ ಮತ್ತು ವಾ ಎಂಬ ಇಂಗ್ಲೆಂಡಿನ ವೈದ್ಯರು 1961ರಲ್ಲೇ ಇದನ್ನು ವರ್ಣಿಸಿದ್ದಾರೆ. ಅನೇಕರಲ್ಲಿ ಕೀಲು ಬದಲಿಸುವ ದಿನ ಹತ್ತು ವರ್ಷ, ಅದಕ್ಕೂ ಹೆಚ್ಚು, ಮುಂದೆ ಹೋಗುತ್ತದೆ. ಅಣ್ಣ ಕೆಲವು ವಾರ ಊರುಗೋಲು ಹಿಡಿದನು. ಈಗ ತನ್ನ ಕೀಲಿನ ಮೇಲೆಯೇ ನಡೆಯುತ್ತಾನೆ.

ಅವ್ವನಿಗೆ ಆ ದಾರಿ ಉಳಿದಿರಲಿಲ್ಲ. ಗುಳಿಗೆ ನಿಲ್ಲಿಸಿ, ಮೂತ್ರಪಿಂಡ ಸುಧಾರಿಸುವವರೆಗೆ ತಿಂಗಳುಗಟ್ಟಲೆ ಕಾದು, ಒಂದು ಕೀಲನ್ನು ಬದಲಿಸಿದ್ದಾರೆ. ಕೀಲು ಬದಲಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಬೇಕಾದವರಿಗೆ ಅದು ದೊಡ್ಡ ವರ. ಆದರೆ ಅದು ಕಡೆಯ ಪುಟ. ಅದಕ್ಕಿಂತ ಮೊದಲಿನ ಪುಟಗಳನ್ನು ನಾವು ತಿರುವಿಯೇ ನೋಡಲಿಲ್ಲ.

ಬಾಂಧವರೇ, ಊರಲ್ಲಿದ್ದಾಗ ನಮ್ಮ ಹಿರಿಯರಿಗೆ ಅಂಗಳವಿತ್ತು, ಕಟ್ಟೆಯಿತ್ತು. ಇಲ್ಲಿ ಅವರಿಗಿರುವುದು ಮೆಟ್ಟಿಲು. ಅದನ್ನು ಇಳಿಯಲಾರದಾದ ದಿನ ಅವರು ಕನ್ನಡ ಕೇಳುವ ಜಾಗದಿಂದಲೂ ದೂರವಾಗುತ್ತಾರೆ. ಇಂದು ಮನೆಗೆ ಹೋದ ಮೇಲೆ ನಿಮ್ಮ ತಾಯಿ ತಂದೆ ಕುಳಿತಲ್ಲಿಂದ ಏಳುವುದನ್ನು ಒಮ್ಮೆ ನೋಡಿರಿ. ನೆಲಕ್ಕೆ ಕೈಯೂರಿದರೆ, ಏನೂ ಇಲ್ಲವೆಂದು ಅವರು ಹೇಳಿದರೂ ನಂಬಬೇಡಿರಿ. ಕಾರ್ಯದರ್ಶಿಗಳಲ್ಲಿಯೂ ಒಂದು ಬಿನ್ನಹ: ಬರುವ ರಾಜ್ಯೋತ್ಸವವನ್ನು ಮೇಲಿನ ಸಭಾಗೃಹದ ಬದಲು ಕೆಳಗಿನ ಅಂಗಳದಲ್ಲಿ ಮಾಡೋಣ.

ಅವ್ವ ಮೂರು ವರ್ಷದ ಮೇಲೆ ಇಂದು ಮೊದಲ ಸಲ ಬಂದಿದ್ದಾಳೆ. ಬಾಗಿಲ ಹತ್ತಿರ ಕುಳಿತಿದ್ದಾಳೆ. ಭಾಷಣ ಮುಗಿದ ಮೇಲೆ ದಯವಿಟ್ಟು ಮಾತನಾಡಿಸಿರಿ. ಅವಳಿಗೆ ಸಿಟ್ಟಿಲ್ಲ.