ಕಲಿಯಲು ಹೊರಟ ಹಲ್ಲಿನ ಕ್ಲಿನಿಕ್
(ಜುಮಾ ಪ್ರವಚನದ ಸಾರಾಂಶ)



ನಮ್ಮ ಮೊಹಲ್ಲಾದ ಹಲ್ಲಿನ ಕ್ಲಿನಿಕ್ ಮುಂದಿನ ವಾರ ಮೂರು ದಿನ ತೆರೆದಿರುವುದಿಲ್ಲ. ಡಾಕ್ಟರರು, ಇಬ್ಬರು ಸಹಾಯಕಿಯರು, ಹೆಸರು ಬರೆದುಕೊಳ್ಳುವ ಹುಡುಗ ನಾಲ್ವರೂ ಬೆಂಗಳೂರಿಗೆ ತರಬೇತಿಗೆ ಹೊರಟಿದ್ದಾರೆ. ‘ಡಾಕ್ಟರ್ ಹೋಗಲಿ, ಸಾಮಾನು ತೊಳೆಯುವವರಿಗೆ ಅಲ್ಲೇನು ಕೆಲಸ?’ ಎಂದು ಕೆಲವರು ನಮ್ಮಲ್ಲಿ ಕೇಳಿದರು.

ವೈದ್ಯ ವಿದ್ಯೆ ತಿಳಿಯದೆ ಚಿಕಿತ್ಸೆಗೆ ಇಳಿದವನು ಆಗುವ ಹಾನಿಗೆ ಹೊಣೆಗಾರನಾಗುತ್ತಾನೆ ಎಂಬ ಆಶಯದ ಹದೀಸ್ ಅಬೂದಾವೂದ್‌ನಲ್ಲಿದೆ. ಅದನ್ನು ನಾವು ನಕಲಿ ವೈದ್ಯರಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುತ್ತೇವೆ. ಆದರೆ ತಿಳಿವಳಿಕೆಯೂ ಹಳತಾಗುತ್ತದೆ. ಅದಕ್ಕೆಂದೇ ದಂತವೈದ್ಯರು ಪದವಿಯ ನಂತರವೂ ಕಲಿಯುತ್ತಿರಬೇಕೆಂದು ಅಂಕಗಳ ಪದ್ಧತಿ ಇದೆ. ಅಂಕ ಬರುವುದು ಡಾಕ್ಟರರ ಹೆಸರಿಗೆ. ನಮ್ಮ ಬಾಯಿಗೆ ಬರುವ ಉಪಕರಣ ಮಾತ್ರ ಸಹಾಯಕಿಯ ಕೈಯಿಂದ ಬರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬರೀ ಕುದಿಯುವ ನೀರಿನಲ್ಲಿ ಕೆಲವು ರೋಗಾಣುಗಳ ಬೀಜಕಗಳು ಸಾಯುವುದಿಲ್ಲ. ಅದಕ್ಕೆ ಆಟೋಕ್ಲೇವ್ ಎಂಬ ಒತ್ತಡದ ಹಬೆಯ ಪೆಟ್ಟಿಗೆ ಬೇಕು. 121 ಡಿಗ್ರಿ ಶಾಖದಲ್ಲಿ 15ರಿಂದ 20 ನಿಮಿಷ ಇಡಬೇಕು. 134 ಡಿಗ್ರಿಯಾದರೆ ಕೆಲವೇ ನಿಮಿಷ ಸಾಕು. ಮೊದಲು ರಕ್ತವನ್ನು ಉಜ್ಜಿ ತೊಳೆಯದಿದ್ದರೆ, ಅಥವಾ ಪೆಟ್ಟಿಗೆಯೊಳಗೆ ಒತ್ತೊತ್ತಾಗಿ ತುಂಬಿದರೆ, ಹಬೆ ಎಲ್ಲ ಕಡೆ ತಲುಪುವುದಿಲ್ಲ. ಹೊರಗೆ ಅಂಟಿಸಿದ ಪಟ್ಟಿಯ ಬಣ್ಣ ಬದಲಾಯಿತೆಂದರೆ ಶಾಖ ತಗುಲಿತು ಎಂದಷ್ಟೇ ಅರ್ಥ, ರೋಗಾಣು ಸತ್ತಿತು ಎಂದಲ್ಲ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಏಳು ದಿನಗಳವರೆಗೂ ಉಳಿಯಬಲ್ಲದು. ಇದನ್ನು ಯಾರೂ ಕಲಿಸದಿದ್ದರೆ ಆ ಹೆಣ್ಣುಮಗಳು ಹೇಗೆ ತಿಳಿಯಬೇಕು? ಡಾಕ್ಟರರು ಎಷ್ಟೇ ಹೊಸ ವಿದ್ಯೆ ತಂದರೂ ತಟ್ಟೆಯಲ್ಲಿರುವ ಉಪಕರಣ ಅಶುದ್ಧವಾಗಿದ್ದರೆ ಏನು ಬಂತು?

ಹೆಸರು ಬರೆಯುವ ಹುಡುಗನ ವಿಷಯವೂ ಅಷ್ಟೇ. ಹಲ್ಲು ಕೀಳಿಸಲು ಬಂದ ಅಜ್ಜ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಾರೋ, ಸಕ್ಕರೆ ಕಾಯಿಲೆ ಇದೆಯೋ ಎಂದು ಮೊದಲು ಕೇಳಬೇಕಾದವನು ಅವನು. ದವಡೆ ಊದಿ ಉಗುಳು ನುಂಗಲಾಗದವನಿಗೆ ಗುರುವಾರ ಬನ್ನಿ ಎನ್ನಬಾರದು, ತಕ್ಷಣ ಆಸ್ಪತ್ರೆಗೆ ಕಳಿಸಬೇಕು ಎಂಬುದೂ ಅವನಿಗೆ ಗೊತ್ತಿರಬೇಕು.

ಕಲಿಯಲು ಪ್ರಯಾಣ ಮಾಡುವುದು ನಮಗೆ ಹೊಸತಲ್ಲ. ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸಿಗಾಗಿ ಒಂದು ತಿಂಗಳ ದಾರಿ ಸವೆಸಿದ್ದರು. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಅಲ್ ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ಹಲ್ಲಿನ ಕಿಟ್ಟ ಕೆರೆಯುವ ಸಾಧನಗಳ ಚಿತ್ರಗಳನ್ನೇ ಕೊಟ್ಟರು.

ಆದರೆ ಪ್ರಯಾಣ ಪ್ರವಾಸವಾಗಬಾರದು. ಬೆಳಿಗ್ಗೆ ಹಾಜರಿಗೆ ಸಹಿ ಹಾಕಿ ಮಾಲ್ ಸುತ್ತಲು ಹೋದರೆ ಸಿಗುವ ಪ್ರಮಾಣಪತ್ರ ಸುಳ್ಳು ಸಾಕ್ಷಿ. ಸಂಜೆ ತಿರುಗಾಡಲಿ, ಬಿರಿಯಾನಿ ತಿನ್ನಲಿ, ಅದಕ್ಕೆ ನಮ್ಮ ತಕರಾರಿಲ್ಲ. ಇನ್ನೊಂದು, ಖರ್ಚು ಯಾರದ್ದು? ಝಕಾತ್ ವಸೂಲಿಗೆ ಹೋದವರೊಬ್ಬರು ‘ಇದು ನನಗೆ ಬಂದ ಉಡುಗೊರೆ’ ಎಂದಾಗ, ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಅದು ಬರುತ್ತಿತ್ತೇ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಪ್ರಶ್ನಿಸಿದ್ದರು. ಸಾಮಾನು ಮಾರುವ ಕಂಪನಿ ಟಿಕೆಟ್ ಮತ್ತು ಹೋಟೆಲ್ ಕೊಟ್ಟರೆ ಅದರ ಬೆಲೆಯನ್ನು ಕೊನೆಗೆ ತೆರುವವನು ರೋಗಿ. ನಮ್ಮ ಡಾಕ್ಟರರು ತಾವೇ ಖರ್ಚು ಹಾಕಿದ್ದಾರೆ, ಸಿಬ್ಬಂದಿಯ ಮೂರು ದಿನದ ಸಂಬಳವನ್ನೂ ಕಡಿತ ಮಾಡುತ್ತಿಲ್ಲ.

ಸಹಾಯಕಿಯರಲ್ಲಿ ಒಬ್ಬಳ ತಂದೆ ಮಗಳನ್ನು ಕಳಿಸಲು ಹಿಂಜರಿದು ನಮ್ಮ ಬಳಿ ಬಂದಿದ್ದರು. ಅವರ ಹಿಂಜರಿಕೆ ನ್ಯಾಯವಾದದ್ದೇ. ಮಹ್ರಮ್ ಜೊತೆಗಿಲ್ಲದ ಪ್ರಯಾಣದ ವಿಷಯ ಹಗುರವಾದುದಲ್ಲ. ಆದರೆ ಬೇಡ ಎನ್ನುವ ಮೊದಲು ಏರ್ಪಾಡು ಸಾಧ್ಯವೇ ಎಂದು ನೋಡಬೇಡವೇ? ಕೂತು ಮಾತಾಡಿದಾಗ ದಾರಿ ಸಿಕ್ಕಿತು. ಅವಳ ಅಣ್ಣ ಜೊತೆಗೆ ಹೋಗುತ್ತಾನೆ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಅಣ್ಣನ ಟಿಕೆಟ್ ಡಾಕ್ಟರರದ್ದು. ಗಂಡುಮಗನ ಕಲಿಕೆಗೆ ದುಬೈವರೆಗೂ ದಾರಿ ಹುಡುಕುವ ನಾವು ಹೆಣ್ಣುಮಗಳ ವಿಷಯದಲ್ಲಿ ಬೇಗ ಕೈಚೆಲ್ಲುತ್ತೇವೆ. ಪ್ರಯಾಣದಲ್ಲಿ ಮೂವರಿದ್ದರೆ ಒಬ್ಬರನ್ನು ಅಮೀರ್ ಮಾಡಿಕೊಳ್ಳಿ ಎಂಬ ಸೂಚನೆ ಹದೀಸಿನಲ್ಲಿದೆ. ಊಟ, ನಮಾಝ್, ಹೊರಡುವ ಹೊತ್ತು ಎಲ್ಲ ಅವರೇ ನೋಡಿಕೊಳ್ಳಲಿ. ಕಸ್ರ್ ನಮಾಝಿನ ವಿವರ ಬೇಕಾದವರು ಜುಮಾ ಬಳಿಕ ಬಂದು ಕೇಳಿ.

ಅತ್ತೌಬಾ ಅಧ್ಯಾಯದ 122ನೇ ಸೂಕ್ತದಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದು ಬೇಡ, ಒಂದು ತಂಡ ವಿದ್ಯೆ ಕಲಿತು ಮರಳಿ ಜನರನ್ನು ಎಚ್ಚರಿಸಲಿ ಎಂಬ ಆಶಯವಿದೆ. ಇದು ಧಾರ್ಮಿಕ ಜ್ಞಾನದ ಬಗ್ಗೆ ಹೇಳಿದ್ದು. ಕ್ಲಿನಿಕ್‌ಗೂ ಇದರಲ್ಲಿ ಪಾಠವಿದೆ. ಆ ಮೂರು ದಿನ ನೋವಿನಿಂದ ಬರುವವರನ್ನು ಬಸ್ ನಿಲ್ದಾಣದ ಬಳಿಯ ಇನ್ನೊಬ್ಬ ದಂತವೈದ್ಯರು ನೋಡಲು ಒಪ್ಪಿದ್ದಾರೆ. ಅವರ ಫೋನ್ ನಂಬರನ್ನು ಕ್ಲಿನಿಕ್ ಬಾಗಿಲಿಗೂ ಮಸೀದಿಯ ಫಲಕಕ್ಕೂ ಅಂಟಿಸಲಾಗಿದೆ. ಮರಳಿ ಬಂದ ನಂತರದ ಭಾನುವಾರ ಅಸ್ರ್ ಬಳಿಕ ಆ ಇಬ್ಬರು ಸಹಾಯಕಿಯರು ಮದ್ರಸದ ಮಕ್ಕಳಿಗೂ ತಾಯಂದಿರಿಗೂ ಹಲ್ಲುಜ್ಜುವ ಕ್ರಮ ತೋರಿಸಿಕೊಡುತ್ತಾರೆ. ಮಕ್ಕಳು ತಮ್ಮ ತಮ್ಮ ಬ್ರಷ್ ತರಲಿ. ಮಿಸ್ವಾಕ್ ಬಳಸುವವರು ಅದನ್ನೇ ತರಬಹುದು.