ಸಂಧಾನವೆಂಬ ಶಬ್ದ

ಶಾಂತಿಯನ್ನು ಹಾರೈಸುವ ಶಬ್ದಗಳು ನಮ್ಮಲ್ಲಿ ಹಲವುಂಟು. ಆದರೆ ಶಾಂತಿಯನ್ನು ಉಂಟುಮಾಡುವ ಕಾರ್ಯಕ್ಕೇ ಹೆಸರಾಗಿ ನಿಂತ ಶಬ್ದಗಳಲ್ಲಿ ಸಂಧಾನವನ್ನು ನಾನು ಎಲ್ಲಕ್ಕಿಂತ ಮೇಲಾಗಿ ಎಣಿಸುತ್ತೇನೆ. ಇಡು ಎಂಬರ್ಥದ 'ಧಾ' ಧಾತುವಿಗೆ 'ಸಮ್' ಉಪಸರ್ಗವು ಸೇರಿ ಹುಟ್ಟಿದ ಈ ಪದಕ್ಕೆ ಕೂಡಿಸುವುದೆಂದೇ ಮೂಲಾರ್ಥ. ಆದುದರಿಂದಲೇ ಬಿಲ್ಲಿಗೆ ಬಾಣವನ್ನು ಹೂಡುವುದು ಶರಸಂಧಾನವೆನಿಸಿತು. ಹರಿದ ಕಿವಿಯನ್ನು ಜೋಡಿಸುವ ಶಸ್ತ್ರಕ್ರಿಯೆಯೂ ಸುಶ್ರುತಸಂಹಿತೆಯಲ್ಲಿ ಸಂಧಾನವೇ. ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಹಸ್ತಿನಾವತಿಗೆ ಹೋದ ಕಾರ್ಯವು ಫಲಿಸದೆ ಯುದ್ಧವೇ ನಡೆದುಹೋದರೂ, ಅದನ್ನು ನಾವು ಇಂದಿಗೂ ಕೃಷ್ಣಸಂಧಾನವೆಂದೇ ಕರೆಯುತ್ತೇವಲ್ಲವೆ? ಫಲಕ್ಕಲ್ಲ, ಪ್ರಯತ್ನಕ್ಕೆ ಸಂದ ಹೆಸರು ಅದು.

ಕೋರ್ಟು ಕಚೇರಿಗಳಲ್ಲಿ ಬಳಕೆಯಾಗುವ 'ರಾಜಿ' ಬೇರೆ. ರಾಜಿಯಾಗುವವನು ತನ್ನ ಪಾಲಿನದರಲ್ಲಿ ಒಂದಂಶವನ್ನು ಬಿಟ್ಟುಕೊಡುತ್ತಾನೆ. ಸಂಧಾನದಲ್ಲಾದರೋ ಕೂಡಿದ ಎರಡೂ ತಮ್ಮತನವನ್ನು ಉಳಿಸಿಕೊಳ್ಳುತ್ತವೆ. ಮಿರಜಿನಲ್ಲಿ ತಂಬೂರಿ ಮಾಡುವವರ ಅಂಗಡಿಗೆ ಹೋದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಪಂಢರಪುರದ ಕಡೆಯಿಂದ ಬಂದ ಒಣಗಿದ ಸೋರೆಬುರುಡೆಗೆ ಮರದ ದಂಡಿಯನ್ನು ಬೆಸೆದು, ತಂತಿ ಬಿಗಿದು, ತಂತಿಗಳನ್ನು ಹೊರುವ 'ಕುದುರೆ'ಯ ಮೇಲೆ ತಂತಿಯಡಿ ಸಣ್ಣ ನೂಲೆಳೆಯೊಂದನ್ನು ಕೂದಲಿನಷ್ಟು ಅತ್ತಿತ್ತ ಸರಿಸುತ್ತ ಸರಿಸುತ್ತ ಇರುವಾಗ, ಒಂದು ನೆಲೆಯಲ್ಲಿ ಥಟ್ಟನೆ 'ಜವಾರಿ' ಎಂಬ ಝೇಂಕಾರ ತೆರೆದು ನಾದವು ತುಂಬಿಕೊಳ್ಳುತ್ತದೆ. ಸಂಧಾನಕಾರನ ಕೆಲಸವೂ ಆ ನೂಲೆಳೆಯದೇ.

ಇಂಥ ಕೂಡಿಕೆ ಮಿರಜು-ಸಾಂಗಲಿಗಳ ಈ ಸೀಮೆಗೆ ಹೊಸದಲ್ಲ. ಕನ್ನಡ ಭಾಗವತ ಮೇಳದ ಆಟವನ್ನು ಕಂಡು ಮೆಚ್ಚಿದ ಸಾಂಗಲಿಯ ಚಿಂತಾಮಣರಾವ್ ಪಟವರ್ಧನರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿ 'ಸೀತಾ ಸ್ವಯಂವರ'ವನ್ನು ರಂಗಕ್ಕೆ ತಂದರು. ಅದಕ್ಕಿಂತಲೂ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಉಸ್ತಾದ್ ಅಬ್ದುಲ್ ಕರೀಮ್ ಖಾನರಲ್ಲಿ. ಉತ್ತರದ ಕಿರಾನಾದಲ್ಲಿ ಹುಟ್ಟಿ ಮಿರಜಿನಲ್ಲಿ ನೆಲೆಸಿದ ಈ ಮಹಾನುಭಾವರು, ಮೈಸೂರಿನ ಆಸ್ಥಾನದ ಸಂಪರ್ಕದಲ್ಲಿ ಕರ್ನಾಟಕ ಸಂಗೀತವನ್ನು ಅಕ್ಕರೆಯಿಂದ ಆಲಿಸಿ, ಅದರ ಸ್ವರಪ್ರಯೋಗವನ್ನು ತಮ್ಮ ಖಯಾಲಿಗೆ ತಂದುಕೊಂಡರು. ತ್ಯಾಗರಾಜರ ಕೃತಿಗಳನ್ನು ಹಾಡಿ ಧ್ವನಿಮುದ್ರಿಕೆಗೂ ಕೊಟ್ಟರು. ಹಾಗೆಂದು ಅವರ ಗಾಯನ ಹಿಂದುಸ್ತಾನಿಯಲ್ಲದೆ ಹೋಗಲಿಲ್ಲ. 1937ರಲ್ಲಿ ಪಾಂಡಿಚೇರಿಯ ದಾರಿಯಲ್ಲಿ ಕಾಲವಶರಾದ ಅವರ ಸಮಾಧಿಯಿರುವುದು ಮಿರಜಿನ ಮೀರಾಸಾಹೇಬರ ದರ್ಗಾದಲ್ಲಿ. ಉರುಸಿನ ಕಾಲಕ್ಕೆ ಜಾತಿಮತಗಳನ್ನೆಣಿಸದೆ ಗಾಯಕರು ಅಲ್ಲಿ ನೆರೆದು ಹಾಡುತ್ತಾರೆ. ಖಾನರ ಶಿಷ್ಯರಾಗಿ ಮೆರೆದವರು ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತದ್ದು ಆ ಸವಾಯಿ ಗಂಧರ್ವರಲ್ಲಿಯೇ.