ಜಡೆ ನನ್ನದು, ಕತ್ತರಿನೂ ನನ್ನದೇ

ಸುದ್ದಿ ಆಮೇಲೆ. ಮೊದಲು ನನ್ನ ತಲೆಯ ವಿಷಯ ಮುಗಿಸಿಬಿಡ್ತೀನಿ. ಯಾಕಂದ್ರೆ ಸೋಮವಾರದಿಂದ ನಮಗೆ ಬರ್ತಿರೋ ಫೋನುಗಳಲ್ಲಿ ಅರ್ಧ ಕಾವೇರಿ ನೀರಿನ ಬಗ್ಗೆ, ಇನ್ನರ್ಧ ನನ್ನ ಕೂದಲಿನ ಬಗ್ಗೆ. "ಮೇಡಂ, ಹುಷಾರಿಲ್ವಾ?" ಅಂತ ಒಬ್ಬರು. "ಏನಾದ್ರೂ ಹರಕೆನಾ?" ಅಂತ ಇನ್ನೊಬ್ಬರು. "ನಿಮ್ಮ ಆಫೀಸಲ್ಲಿ ಬಾಚಣಿಗೆ ಇಲ್ವಾ?" ಅಂತ ಮೂರನೆಯವರು.

ಹುಷಾರಾಗಿದ್ದೀನಿ. ಹರಕೆ ಇಲ್ಲ. ಬಾಚಣಿಗೆ ಇದೆ, ಕೆಲಸ ಇಲ್ಲ. ಇದಕ್ಕೆ ಡ್ರೆಡ್‌ಲಾಕ್ಸ್ ಅಂತಾರೆ. ಪುಸ್ತಕದ ಕನ್ನಡದಲ್ಲಿ ಜಟೆ. ನಮ್ಮ ಮಂಡ್ಯದ ಕಡೆ ಬಾಯಿಮಾತಲ್ಲಿ ಜಡೆ.

ನನ್ನದು ಹುಟ್ಟಿನಿಂದ ಗುಂಗುರು ಕೂದಲು. ಮಂಡ್ಯದ ನಮ್ಮ ಮನೆಯಲ್ಲಿ ಭಾನುವಾರ ಬಂತು ಅಂದ್ರೆ ಅವ್ವ ಹರಳೆಣ್ಣೆ ಹಿಡ್ಕೊಂಡು ಕೂರೋಳು, ನಾನು ಅಳೋಳು. ಸೀಗೆಕಾಯಿ ಹಾಕಿ ಉಜ್ಜಿ, ಬಾಚೋ ಹೊತ್ತಿಗೆ ಬಾಚಣಿಗೆಯ ಎರಡು ಹಲ್ಲು ಮುರಿದಿರ್ತಿದ್ವು. ಶಾಲೆಯಲ್ಲಿ ನನ್ನ ಹೆಸರು 'ಹಕ್ಕಿಗೂಡು'. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಮದ್ದೂರಿನ ಒಂದು ಪಾರ್ಲರ್‌ನಲ್ಲಿ ಐದು ಗಂಟೆ ಕೂತು ಕೂದಲು ನೇರ ಮಾಡಿಸಿಕೊಂಡೆ. ಕಣ್ಣಲ್ಲಿ ನೀರು, ಮೂಗಿಗೆ ಘಾಟು. ಆದರೆ ಛತ್ರಕ್ಕೆ ಕಾಲಿಟ್ಟಾಗ ನೆಂಟರೆಲ್ಲ ಅಂದಿದ್ದು ಒಂದೇ ಮಾತು: "ಈಗ ನೋಡು, ಹೆಣ್ಣುಮಗಳ ಥರ ಕಾಣ್ತಿದ್ದೀಯ!"

ಆ ಒಂದು ಮಾತಿಗೆ ಹತ್ತು ವರ್ಷಕ್ಕೂ ಹೆಚ್ಚು ದುಡ್ಡು ಸುರಿದೆ. ಟಿವಿಗೆ ಬಂದ ಮೇಲಂತೂ ಕೇಳೋದೇ ಬೇಡ. ಮೊದಲ ಸ್ಕ್ರೀನ್ ಟೆಸ್ಟ್‌ನಲ್ಲಿ ಒಬ್ಬರು, ಅವರ ಹೆಸರು ಬೇಡ, "ಕನ್ನಡ ಚೆನ್ನಾಗಿದೆ, ಕೂದಲು ಸರಿಮಾಡ್ಕೊಂಡು ಬನ್ನಿ" ಅಂದರು.

ಓದಿದ್ದು ಇಂಜಿನಿಯರಿಂಗ್ ಅಲ್ವಾ, ಹಾಗಾಗಿ ಸ್ವಲ್ಪ ಲೆಕ್ಕ ಹೇಳ್ತೀನಿ. ಕೂದಲು ಅಂದ್ರೆ ಕೆರಟಿನ್ ಅನ್ನೋ ಪ್ರೋಟೀನು. ಅದಕ್ಕೆ ಆಕಾರವನ್ನ ಗಟ್ಟಿಯಾಗಿ ಹಿಡಿದುಕೊಡೋದು ಅದರೊಳಗಿನ ಗಂಧಕದ ಕೊಂಡಿಗಳು. ಬಿಸಿ ಕಬ್ಬಿಣ ಒತ್ತಿದರೆ ಆ ಕೊಂಡಿಗಳು ಜಗ್ಗಲ್ಲ, ನೀರು ಬಿದ್ದ ತಕ್ಷಣ ಗುಂಗುರು ವಾಪಸ್. ರಾಸಾಯನಿಕ ಹಾಕಿದರೆ ಕೊಂಡಿ ಮುರಿಯುತ್ತೆ, ಕೂದಲು ನೇರ ಆಗುತ್ತೆ. ಆದರೆ ಬುಡದಿಂದ ಹೊಸದಾಗಿ ಹುಟ್ಟೋ ಕೂದಲಿಗೆ ಈ ವಿಷಯ ಗೊತ್ತೇ ಇಲ್ಲ! ಅದು ಮತ್ತೆ ಗುಂಗುರಾಗೇ ಬರುತ್ತೆ. ಅಂದ್ರೆ ನಾನು ಜಗಳ ಆಡ್ತಿದ್ದಿದ್ದು ನನ್ನ ಬುಡದ ಜೊತೆಗೇ.

2020ರ ಲಾಕ್‌ಡೌನ್‌ನಲ್ಲಿ ಪಾರ್ಲರ್‌ಗಳು ಮುಚ್ಚಿದ್ವು. ನಾಲ್ಕು ಬೆರಳಷ್ಟು ಗುಂಗುರು ಬೆಳೀತು. ಎಷ್ಟೋ ವರ್ಷದ ಮೇಲೆ ನನ್ನ ಕೂದಲನ್ನ ನಾನು ಮುಟ್ಟಿ ನೋಡಿದೆ. ತುದಿಯಲ್ಲಿದ್ದ ನೇರ ಕೂದಲನ್ನೆಲ್ಲ ಕತ್ತರಿಸಿದೆ. ಗುಂಗುರು ಹಾಗೇ ಬೆಳೀಲಿ ಅಂತ ಬಿಟ್ಟೆ. ಕೊನೆಗೆ ಈಗ ಈ ಜಡೆ.

ಮೊನ್ನೆ ಮನೆಗೆ ಹೋದಾಗ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಬೈಯಲಿಲ್ಲ. ಹೆದರಿದ್ದಳು. "ಬ್ಯಾಡ ಕನ ಮಗಾ, ನಮ್ಮನೇಲಿ ಇದು ಒಂದ್ಸಲ ಆಗೋಗದೆ" ಅಂದಳು.

ಆಗಿದ್ದು ಏನು? ಮಳವಳ್ಳಿ ಕಡೆಯ ಅಜ್ಜಿ ಊರಲ್ಲಿ ನನಗೊಬ್ಬಳು ಚಿಕ್ಕಜ್ಜಿ ಇದ್ದಳು. ಹುಡುಗಿಯಾಗಿದ್ದಾಗ ತಿಂಗಳುಗಟ್ಟಲೆ ಜ್ವರ ಬಂದು ಮಲಗಿದಳು, ತಲೆ ಬಾಚೋರಿಲ್ಲದೆ ಕೂದಲು ಗಂಟು ಕಟ್ತು. ದೇವರು ಬಂದವ್ನೆ, ಕತ್ತರಿ ಮುಟ್ಟಿಸಿದ್ರೆ ಮನೆ ಹಾಳಾಗ್ತದೆ ಅಂದರು. ಮದುವೆ ಆಗಲಿಲ್ಲ. ಮಂಡಿವರೆಗೂ ಇಳಿದ ಜಡೆಯನ್ನ ಬಟ್ಟೆಯಲ್ಲಿ ಕಟ್ಕೊಂಡು ಗದ್ದೆಯಲ್ಲಿ ಕಳೆ ಕೀಳೋಳು. ಹೇನು, ಹುಣ್ಣು, ಕತ್ತು ನೋವು. ಒಂದೇ ಮಗ್ಗುಲಲ್ಲಿ ಮಲಗಿ ಜೀವನ ಕಳೆದಳು. ಹೋಗುವಾಗಲೂ ಜಡೆ ಜೊತೆಗೇ ಹೋಯ್ತು.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಗುವಿನ ತಲೆಯಲ್ಲಿ ಜಡೆ ಕಾಣಿಸಿದ್ರೆ ಎಲ್ಲಮ್ಮ ಕರೀತಿದ್ದಾಳೆ ಅಂತ ಮುತ್ತು ಕಟ್ಟಿಸಿ ದೇವದಾಸಿ ಮಾಡಿದ್ದಾರೆ. ಅದನ್ನ ತಡೆಯೋಕೆ 1982ರಲ್ಲಿ ನಮ್ಮ ರಾಜ್ಯ ಕಾನೂನನ್ನೇ ತರಬೇಕಾಯ್ತು. ಅಸಲಿಗೆ ಜಡೆ ಕಟ್ಟೋದು ಹೇಗೆ ಗೊತ್ತಾ? ದಿನಾ ಐವತ್ತರಿಂದ ನೂರು ಕೂದಲು ಎಲ್ಲರಿಗೂ ಉದುರುತ್ತೆ. ಬಾಚದಿದ್ರೆ ಉದುರಿದ ಕೂದಲು ಉದುರದ ಕೂದಲಿಗೆ ಸುತ್ತಿಕೊಳ್ಳುತ್ತೆ. ಅಷ್ಟೇ. ಇದರಲ್ಲಿ ದೇವರ ಮುನಿಸು ಎಲ್ಲಿಂದ ಬಂತು?

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಅರ್ಧ ಜನ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರ್ತೀವಿ. ಇಡೀ ತಲೆ ಬೋಳಿಸಿಕೊಂಡ್ರೆ ಮೆಚ್ಚೋ ದೇವರು, ಗಂಟು ಕಟ್ಟಿದ ಒಂದು ಜಡೆ ಕತ್ತರಿಸಿದ್ರೆ ಮುನಿಯುತ್ತಾನಾ?

ಹಾಗಾದ್ರೆ ನೀನ್ಯಾಕೆ ಬಿಟ್ಟೆ ಅಂತ ಕೇಳ್ತೀರಿ. ಅವ್ವನೂ ಅದನ್ನೇ ಕೇಳಿದಳು. ನಾನು ತಿರುಗಿ ಕೇಳಿದೆ: "ಚಿಕ್ಕಜ್ಜಿಗೆ ಜಡೆ ಬಂದಾಗ, ಇದು ನಿಂಗೆ ಬೇಕಾ ಬೇಡ್ವಾ ಅಂತ ಯಾರಾದ್ರೂ ಕೇಳಿದ್ರಾ?"

"ಯಾರ್ ಕೇಳಾರು ಬುಡು" ಅಂದಳು ಅವ್ವ.

ವ್ಯತ್ಯಾಸ ಅಲ್ಲೇ ಇದೆ. ಅವಳದ್ದು ಹೇರಿದ್ದು, ನನ್ನದು ಆರಿಸಿಕೊಂಡಿದ್ದು. ನಾನು ತೊಳೀತೀನಿ, ಒಣಗಿಸ್ತೀನಿ, ಬೇಡ ಅನಿಸಿದ ದಿನ ಕತ್ತರಿಸ್ತೀನಿ. ಜಮೈಕಾದ ರಸ್ತಫಾರಿಗಳು ಜಡೆ ಬಿಟ್ಟಿದ್ದೂ ಬಾಬ್ ಮಾರ್ಲಿ ಅದನ್ನ ಜಗತ್ತಿಗೆಲ್ಲ ತೋರಿಸಿದ್ದೂ, ನಮ್ಮ ತಲೆ ನಮ್ಮದು ಅಂತ ಹೇಳೋಕೆ. ಅಮೆರಿಕದ ಅಲಬಾಮಾದಲ್ಲಿ ಒಬ್ಬ ಕಪ್ಪು ಮಹಿಳೆಗೆ 2010ರಲ್ಲಿ ಕೊಟ್ಟ ಕೆಲಸವನ್ನ ಜಡೆ ಕತ್ತರಿಸಲ್ಲ ಅಂದಿದ್ದಕ್ಕೆ ವಾಪಸ್ ಪಡೆದರು. 2016ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಆಕೆಯ ಕಡೆಯವರು ಸೋತರು. 2019ರಲ್ಲಿ ಕ್ಯಾಲಿಫೋರ್ನಿಯಾ, ಇಂಥ ಕೂದಲಿನ ಕಾರಣಕ್ಕೆ ಭೇದ ಮಾಡೋ ಹಾಗಿಲ್ಲ ಅಂತ ಕಾನೂನು ಮಾಡ್ತು. ಅಲ್ಲಿ ಕತ್ತರಿಸು ಅಂತ ಬಲವಂತ, ಇಲ್ಲಿ ಕತ್ತರಿಸಬೇಡ ಅಂತ ಬಲವಂತ. ಎರಡರಲ್ಲೂ ಆ ತಲೆ ಹೊತ್ತವಳ ಮಾತಿಗೆ ಬೆಲೆ ಇಲ್ಲ.

ಅದಕ್ಕೇ ಎರಡು ವಿನಂತಿ. ನಿಮ್ಮ ಮನೆಯಲ್ಲಿ ಗುಂಗುರು ಕೂದಲಿನ ಹುಡುಗಿ ಇದ್ರೆ, ಅವಳನ್ನ ಸರಿ ಮಾಡೋಕೆ ಹೋಗಬೇಡಿ. ಅವಳು ಸರಿಯಾಗೇ ಇದ್ದಾಳೆ. ನಿಮ್ಮ ಊರಲ್ಲಿ ಭಯಕ್ಕೆ ಜಡೆ ಹೊತ್ತ ಹೆಂಗಸು ಇದ್ರೆ, ಪಕ್ಕದಲ್ಲಿ ಕೂತು, ಬೇಕಾ ಬೇಡ್ವಾ ಅಂತ ಒಂದು ಮಾತು ಕೇಳಿ. ಬೇಡ ಅಂದ್ರೆ ಧೈರ್ಯ ಹೇಳಿ, ಕತ್ತರಿ ಕೊಡಿ.

ಹೊರಡೋ ಹೊತ್ತಿಗೆ ಅವ್ವ ಹರಳೆಣ್ಣೆ ತಂದು ಜಡೆಗಳ ಸಂದಿಯಲ್ಲಿ ಬೆರಳಾಡಿಸಿ ಬುಡಕ್ಕೆ ಹಚ್ಚಿದಳು. "ಸಾಕು ಅನ್ಸಿದ್ ದಿನ ಫೋನ್ ಮಾಡು. ನಾನೇ ಬಂದು ಕತ್ತರಿಸ್ತೀನಿ" ಅಂದಳು.

ಈಗ ಕಾವೇರಿ ಸುದ್ದಿಗೆ ಬರೋಣ.